ಸಂದೇಹ – ಸಮಾಧಾನ: ಪವಿತ್ರ ಅಂದರೆ ಮುಟ್ಟಬಾರದ್ದು ಅಂತಲೇ?

ಈ ತಿಂಗಳ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದ ಮೂವರೂ ಈಗ ಪಟ್ಟಣವಾಸಿಗಳು. ಒಬ್ಬರ ಮೂಲ ಅಫಜಲಪುರ, ಇನ್ನೊಬ್ಬರದು ಜೇವರ್ಗಿ, ಮತ್ತೊಬ್ಬರದು ಆಳಂದ. ಆಳಂದ ತಾಲ್ಲೂಕಿನ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಗೆ ಸೇರುತ್ತದೆ. ಆ ಭೀಮೆ ಜೇವರ್ಗಿ ಸೀಮೆಯನ್ನು ಮುಟ್ಟಿಕೊಂಡು ಮುಂದೆ ಕೃಷ್ಣೆಯ ಕಡೆ ಹೋಗುತ್ತದೆ. ಈ ಪ್ರಶ್ನೆಗಳೂ ಹಂಗೇ ನೋಡ್ರಿ, ಬೇರೆ ಬೇರೆ ಕಡೆ ಹುಟ್ಟಿ ಒಂದೇ ಕಡೆ ಬಂದು ಕೂಡುತ್ತವೆ.

ಪ್ರಶ್ನೆ 1: ನಮ್ಮದು ಅಫಜಲಪುರ, ಈಗ ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋದಾಗ ಸಂಗಮದ ತೀರ್ಥ ತಂದು ದೇವರ ಮನೆಯಲ್ಲಿ ಇಟ್ಟಿದ್ದೆ. ಮನೆಕೆಲಸದಾಕೆ ಧೂಳು ಒರೆಸುವಾಗ ಆ ಬಾಟಲಿ ಎತ್ತಿ ಪಕ್ಕಕ್ಕಿಟ್ಟಳು. ತೀರ್ಥ ಮೈಲಿಗೆ ಆಯಿತು, ಚೆಲ್ಲಿಬಿಡು ಅಂತ ಅತ್ತೆಯವರು ಅವಳ ಎದುರಿಗೇ ಅಂದರು. ಮರುದಿನದಿಂದ ಅವಳು ಬಂದಿಲ್ಲ. ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸ ಮಾಡಿದವಳು. ತೀರ್ಥ ಚೆಲ್ಲಬೇಕೇ? ಏನು ಪರಿಹಾರ ಮಾಡಬೇಕು?

ಪ್ರಶ್ನೆ 2: ನಮ್ಮ ಊರು ಜೇವರ್ಗಿ. ತಂದೆಯವರ ಶ್ರಾದ್ಧ ಮುಗಿದ ಮೇಲೆ ಪುರೋಹಿತರು ನನ್ನ ಬೆರಳಿನ ಪವಿತ್ರ ತೆಗೆಸಿ, ಗಂಟು ಬಿಚ್ಚಿ ಹಾಕಲು ಹೇಳಿದರು. ಎಂಟನೇ ತರಗತಿಯಲ್ಲಿರುವ ಮಗ, "ಪವಿತ್ರ ಅಂತೀರಿ, ಮತ್ತೆ ಬಿಸಾಡ್ತೀರಿ, ಯಾಕಪ್ಪಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿಯಿಂದ ತಂದ ದರ್ಭೆ ನಡೆಯುತ್ತದೆಯೇ ಎಂಬುದನ್ನೂ ತಿಳಿಸಿ.

ಪ್ರಶ್ನೆ 3: ಆಳಂದ ಕಡೆಯ ನಮ್ಮ ಹಳೆಯ ಮನೆಯಿಂದ ಅಜ್ಜನ ಗುರುಚರಿತ್ರೆಯ ಪೋಥಿ ಸೋಲಾಪುರದ ನಮ್ಮ ಮನೆಗೆ ಬಂದಿದೆ. ಕೆಂಪು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದೇವೆ. ಎರಡು ಕೋಣೆಯ ಮನೆಯಲ್ಲಿ ಅದರ ನಿಯಮ ಪಾಲಿಸಲು ಆಗುವುದಿಲ್ಲ. ತೆರೆದರೆ ಏನಾದರೂ ಕೆಡುಕಾದೀತು ಎಂದು ಹೆದರಿಕೆ. ನದಿಗೆ ಬಿಟ್ಟುಬಿಡಬಹುದೇ?

ಸಮಾಧಾನ: ಮೂರಕ್ಕೂ ಒಂದೊಂದು ಸಾಲಿನ ಉತ್ತರ ಕೊಡಬಹುದಿತ್ತು. ಚೆಲ್ಲಬೇಡಿ, ನಡೆಯುತ್ತದೆ, ಬಿಡಬೇಡಿ. ಆದರೆ ಮೂವರ ಮನಸ್ಸಿನಲ್ಲೂ ಒಂದೇ ಗಂಟು ಬಿದ್ದಿದೆ. ಪವಿತ್ರ ಅಂದರೆ ದೂರ ಇಡಬೇಕಾದ್ದು, ಮುಟ್ಟಿದರೆ ಕೆಡುವಂಥದ್ದು ಎಂಬ ಎಣಿಕೆ ಅದು. ಆ ಗಂಟನ್ನೇ ಮೊದಲು ಬಿಚ್ಚೋಣ. ಅದಕ್ಕೆ ಎರಡನೇ ಪ್ರಶ್ನೆಯಿಂದಲೇ ಶುರು ಮಾಡಬೇಕು. ಜೇವರ್ಗಿಯ ಹುಡುಗ ಬಹಳ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ.

ಪದದ ಒಳಗೆ ಏನಿದೆ?

ಸಂಸ್ಕೃತದಲ್ಲಿ 'ಪೂ' ಎಂಬ ಧಾತುವಿಗೆ ಶುದ್ಧಿ ಮಾಡುವುದು ಎಂದು ಅರ್ಥ. ಅದಕ್ಕೆ 'ಇತ್ರ' ಎಂಬ ಪ್ರತ್ಯಯ ಸೇರಿ 'ಪವಿತ್ರ' ಆಗುತ್ತದೆ. ಪಾಣಿನಿಯ ವ್ಯಾಕರಣದಲ್ಲಿ ಈ ಪ್ರತ್ಯಯ ಮುಖ್ಯವಾಗಿ ಕೆಲಸದ ಸಾಧನವನ್ನು ಹೇಳುತ್ತದೆ. ಅಗೆಯುವ ಸಾಧನ ಖನಿತ್ರ, ಅಂದರೆ ಗುದ್ದಲಿ. ಕೊಯ್ಯುವ ಸಾಧನ ಲವಿತ್ರ, ಅಂದರೆ ಕುಡುಗೋಲು. ದೋಣಿ ನಡೆಸುವ ಸಾಧನ ಅರಿತ್ರ, ಅಂದರೆ ಹುಟ್ಟು. ಇದೇ ಸಾಲಿನಲ್ಲಿ ಕೂತಿರುವ ಪದ ಪವಿತ್ರ. ಯಾವುದರಿಂದ ಶುದ್ಧಿ ಮಾಡುತ್ತೇವೆಯೋ ಅದು ಪವಿತ್ರ. ಗುದ್ದಲಿ, ಕುಡುಗೋಲಿನ ಪಂಕ್ತಿಯಲ್ಲಿ ಈ ಪದ ಕೂತದ್ದು ನೋಡಿ ಯಾರಿಗಾದರೂ ಕಸಿವಿಸಿ ಆದೀತು. ನನಗಂತೂ ಅದರಲ್ಲಿ ಬಹಳ ಸಮಾಧಾನ ಕಾಣುತ್ತದೆ.

ವೇದದಲ್ಲೂ ಇದೇ ಬಳಕೆ. ಋಗ್ವೇದದ 9ನೇ ಮಂಡಲದಲ್ಲಿ 114 ಸೂಕ್ತಗಳಿವೆ. ಆ ಮಂಡಲ ಪವಮಾನ ಸೋಮನಿಗೇ ಮೀಸಲು. ಪವಮಾನ ಅಂದರೆ ಶುದ್ಧಿಗೊಳ್ಳುತ್ತಿರುವವನು. ಸೋಮಲತೆಯನ್ನು ಕಲ್ಲಿನಿಂದ ಜಜ್ಜಿ ರಸ ತೆಗೆದು, ಕುರಿಯ ಉಣ್ಣೆಯ ಸೋಸುಬಟ್ಟೆಯಲ್ಲಿ ಸೋಸುತ್ತಿದ್ದರು. ಆ ಸೋಸುಬಟ್ಟೆಗೆ ಪವಿತ್ರ ಎಂದು ಹೆಸರು. ಚಹಾ ಸೋಸುವ ಜರಡಿಯನ್ನು ಒಮ್ಮೆ ನೆನೆಸಿಕೊಳ್ಳಿ. ಚಹಾಪುಡಿ ತಾಗೀತು ಎಂದು ಹೆದರಿ ಜರಡಿಯನ್ನು ಎತ್ತಿಟ್ಟರೆ ಸೋಸುವುದು ಯಾವುದರಿಂದ? ಕಸರನ್ನು ಎದುರುಗೊಳ್ಳುವುದೇ ಅದರ ಕೆಲಸ.

ಇನ್ನು ಬೆರಳಿನ ಪವಿತ್ರ. ವೇದ ಪಾಠಶಾಲೆಯಲ್ಲಿ ನಮಗೆ ಮಂತ್ರಕ್ಕಿಂತ ಮುಂಚೆ ಕಲಿಸಿದ ಕೈಕೆಲಸಗಳಲ್ಲಿ ಪವಿತ್ರ ಕಟ್ಟುವುದೂ ಒಂದು. ಸಾಮಾನ್ಯವಾಗಿ ಪ್ರೇತಕಾರ್ಯಕ್ಕೆ ಒಂದು ಎಳೆ, ಶುಭಕಾರ್ಯಕ್ಕೆ ಎರಡು, ಪಿತೃಕಾರ್ಯಕ್ಕೆ ಮೂರು ಎಳೆ ದರ್ಭೆ. ಸಂಪ್ರದಾಯ ಭೇದ ಇದ್ದೇ ಇದೆ, ನಿಮ್ಮ ಮನೆಯ ಪುರೋಹಿತರು ಹೇಳಿದಂತೆ ಮಾಡಿ. ಬಲಗೈಯ ಅನಾಮಿಕಾ ಬೆರಳಿಗೆ ಅದನ್ನು ಧರಿಸುವುದು, ಈ ಕೈ ಇನ್ನು ಸ್ವಲ್ಪ ಹೊತ್ತು ದೇವರ ಕೆಲಸಕ್ಕೆ, ಪಿತೃಗಳ ಕೆಲಸಕ್ಕೆ ತೊಡಗಿದೆ ಎಂಬುದಕ್ಕೆ. ಹೋಮದಲ್ಲಿ ಎರಡು ದರ್ಭೆಯ ಪವಿತ್ರದಿಂದ ತುಪ್ಪವನ್ನು ಶುದ್ಧಿ ಮಾಡುತ್ತೇವೆ. ಆಮೇಲೆ ಅದರ ಗಂಟು ಬಿಚ್ಚಿ, ನೀರು ಮುಟ್ಟಿ, ಅದನ್ನು ಅಗ್ನಿಗೇ ಹಾಕುತ್ತೇವೆ. ಕೆಲಸ ಮುಗಿದ ಮೇಲೆ ಪವಿತ್ರವನ್ನು ಪೂಜೆಗೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ.

ಮಗನಿಗೆ ಹೀಗೆ ಹೇಳಿ: "ತಮ್ಮಾ, ಅದು ಶುದ್ಧಿ ಮಾಡುವ ಕೆಲಸಕ್ಕೆ ಬಂದಿತ್ತು. ಕೆಲಸ ಮುಗೀತು. ಗಂಟು ಬಿಚ್ಚಿದರೆ ಅದು ಮತ್ತೆ ಹುಲ್ಲು, ಮಣ್ಣಿಗೆ ಹೋಗ್ತದ. ಅದು ಮಾಡಿದ ಕೆಲಸ ಮಾತ್ರ ನಿನ್ನ ಅಪ್ಪನ ಹತ್ತಿರ ಉಳೀತದ." ಕಸದ ಬುಟ್ಟಿಗೋ ಚರಂಡಿಗೋ ಹಾಕಬೇಡಿ. ಕುಂಡದಲ್ಲಿನ ಗಿಡದ ಬುಡಕ್ಕೆ ಹಾಕಿದರೆ ಸಾಕು. ಅಂಗಡಿಯ ದರ್ಭೆ ಧಾರಾಳವಾಗಿ ನಡೆಯುತ್ತದೆ. ತುದಿ ಮುರಿದಿರಬಾರದು, ಬೂಷ್ಟು ಹಿಡಿದಿರಬಾರದು, ಒಮ್ಮೆ ಕಾರ್ಯಕ್ಕೆ ಬಳಸಿದ್ದಾಗಿರಬಾರದು. ಶ್ರಾವಣದ ಅಮಾವಾಸ್ಯೆ, ಅಂದರೆ ನಮ್ಮ ಕಡೆಯ ಬೆನಕನ ಅಮಾವಾಸ್ಯೆಯ ದಿನ ಕಿತ್ತ ದರ್ಭೆ ವರ್ಷಪೂರ್ತಿ ಬರುತ್ತದೆ ಎಂಬ ಶಾಸ್ತ್ರವೂ ಇದೆ.

ತೀರ್ಥ ಯಾವ ಕಡೆ ಹರಿಯುತ್ತದೆ?

ಈಗ ಅಫಜಲಪುರದ ತಾಯಿಯ ಪ್ರಶ್ನೆಗೆ ಬರೋಣ. 'ತೀರ್ಥ' ಎಂಬುದು 'ತೄ', ಅಂದರೆ ದಾಟು ಎಂಬ ಧಾತುವಿನಿಂದ ಬಂದದ್ದು. ನದಿಗೆ ಇಳಿಯುವ ಪಾವಟಿಗೆ, ಹಾಯ್ದು ಹೋಗಲು ಬರುವ ಕಡವು, ಇದು ಅದರ ಮೊದಲ ಅರ್ಥ. ಭೀಮಾತೀರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳದ ನೀರಿನಲ್ಲಿ ಎಲ್ಲರೂ ಇಳಿದು ದಾಟಲು ಬರುವ ಜಾಗ ಯಾವುದೋ ಅದು ತೀರ್ಥ. ತಂದೆಗೆ ಪತ್ರ ಬರೆಯುವಾಗ 'ತೀರ್ಥರೂಪ' ಎಂದು ಬರೆಯುತ್ತಿದ್ದೆವಲ್ಲ, ದಾಟಿಸುವವನು ಎಂಬ ಭಾವದಿಂದ. ತಂದೆಯನ್ನು ಮುಟ್ಟಬಾರದು ಅಂತ ಅಲ್ಲ. ಮಕ್ಕಳು ತೊಡೆಯ ಮೇಲೇ ಆಡಿದವರು.

ಈಗ ನೀವೇ ವಿಚಾರ ಮಾಡಿ ತಾಯಿ. ತೀರ್ಥಕ್ಕೆ ಪಾವನ ಮಾಡುವ ಶಕ್ತಿ ಇದೆ ಎಂದು ನಂಬಿ ನೂರಾರು ಮೈಲಿ ಹೋಗಿ ತಂದಿರಿ. ಆ ಬಾಟಲಿಯನ್ನು ಒಬ್ಬ ಹೆಣ್ಣುಮಗಳು ಮುಟ್ಟಿದಳು. ನಂಬಿಕೆ ನಿಜವಾದರೆ ಅವಳ ಕೈ ಪಾವನ ಆಗಬೇಕು. ಅವಳ ಕೈಯಿಂದಲೇ ತೀರ್ಥ ಕೆಟ್ಟಿತು ಅನ್ನುವುದಾದರೆ ಭೀಮಾ ಅಮರ್ಜಾ ಸಂಗಮಕ್ಕಿಂತ ಅವಳ ಕೈಯೇ ಬಲ ಅಂದಂತಾಯಿತಲ್ಲ! ಹಾಲಿಗೆ ಒಂದು ಚಮಚ ಮಜ್ಜಿಗೆ ಹೆಪ್ಪು ಹಾಕುತ್ತೀರಿ. ಬೆಳಗಾಗುವುದರಲ್ಲಿ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದೆ. ಪಾತ್ರೆ ತುಂಬ ಹಾಲಿದ್ದರೂ ಅದು ಆ ಒಂದು ಚಮಚ ಮಜ್ಜಿಗೆಯನ್ನು ಹಾಲು ಮಾಡುವುದಿಲ್ಲ. ಪಾವಿತ್ರ್ಯ ಹೆಪ್ಪಿನ ಹಾಗೆ. ಅದು ಹೋಗುವ ದಿಕ್ಕು ಅದರಿಂದ ನಮ್ಮ ಕಡೆಗೆ.

ಶಾಸ್ತ್ರ ಏನು ಹೇಳುತ್ತದೆ ಎಂದು ಅತ್ತೆಯವರು ಕೇಳಿಯಾರು. ತೀರ್ಥದಲ್ಲಿ, ಯಾತ್ರೆಯಲ್ಲಿ, ಮದುವೆಯ ಸಂದಣಿಯಲ್ಲಿ ಸ್ಪರ್ಶದೋಷ ಎಣಿಸಬಾರದು ಎಂದು ಧರ್ಮಶಾಸ್ತ್ರದ ನಿಬಂಧಗಳಲ್ಲಿದೆ. ಮನುಸ್ಮೃತಿಯ 5ನೇ ಅಧ್ಯಾಯ ಶುದ್ಧಿಯ ವಿಚಾರ. ಕೈಕೆಲಸ ಮಾಡುವವರ ಕೈ ಯಾವಾಗಲೂ ಶುದ್ಧ ಎಂದು ಅಲ್ಲಿ ಹೇಳಿದೆ. ಎಲ್ಲ ಶೌಚಗಳಲ್ಲಿ ಹಣಕಾಸಿನ ಶೌಚವೇ ದೊಡ್ಡದು, ಬರೀ ಮಣ್ಣು ನೀರಿನಿಂದ ತೊಳೆದುಕೊಂಡವನು ಶುಚಿಯಲ್ಲ ಎಂಬ ಅರ್ಥದ ಮಾತೂ ಅಲ್ಲೇ ಇದೆ. ಹುಟ್ಟನ್ನು ನೋಡಿ ಮನುಷ್ಯರನ್ನು ದೂರ ಇಡುವ ಮಾತುಗಳೂ ಸ್ಮೃತಿಗಳಲ್ಲಿ ಇವೆ, ನಾನು ಮುಚ್ಚಿಡುವುದಿಲ್ಲ. ಆ ಮಾತುಗಳಿಂದ ಬಹಳ ಜನ ಬಹಳ ಕಾಲ ನೊಂದಿದ್ದಾರೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾಯಿದೆಯಲ್ಲಿ ಅದಕ್ಕೆ ಶಿಕ್ಷೆಯೂ ಇದೆ. ಕಾಲಕ್ಕೆ ತಕ್ಕಂತೆ ಯಾವ ಆಚಾರ ಬಿಡಬೇಕು ಎಂಬುದನ್ನು ನಮ್ಮ ನಿಬಂಧಕಾರರು 'ಕಲಿವರ್ಜ್ಯ' ಎಂದು ಪಟ್ಟಿ ಮಾಡಿದವರು. ಬಿಡುವುದು ನಮಗೆ ಹೊಸದೇನಲ್ಲ.

ನೀವು ತೀರ್ಥ ತಂದ ಕ್ಷೇತ್ರವನ್ನೇ ನೋಡಿ. ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ಭಕ್ತರು ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ, ಬಂದವರಿಗೆ ನೀಡುತ್ತಾರೆ. ಆ ವೇಳೆಗೆ ದತ್ತ ಮಹಾರಾಜರು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾರೆ ಎಂದು ಅಲ್ಲಿಯ ನಂಬಿಕೆ. ಯಾವ ರೂಪ ಅಂತ ಯಾರಿಗೆ ಗೊತ್ತು? ಗುರುಚರಿತ್ರೆಯಲ್ಲಿ ಒಬ್ಬ ಅಗಸನ ಕಥೆ ಬರುತ್ತದೆ. ಕೃಷ್ಣಾ ನದಿಯ ನಡುಗಡ್ಡೆ ಕುರವಪುರದಲ್ಲಿ ಶ್ರೀಪಾದ ಶ್ರೀವಲ್ಲಭರಿದ್ದಾಗ ಅವನು ದಿನಾ ಬಟ್ಟೆ ಒಗೆಯಲು ಬಂದು ಅವರಿಗೆ ಕೈಮುಗಿಯುತ್ತಿದ್ದ. ಗುರುಗಳು ಅವನ ಸೇವೆ ಮೆಚ್ಚಿದರು. ಮುಂದಿನ ಜನ್ಮದಲ್ಲಿ ಅವನು ಬೀದರದ ಮುಸಲ್ಮಾನ ದೊರೆಯಾಗಿ ಹುಟ್ಟಿದ. ಮೈಮೇಲೆ ಹುಣ್ಣೆದ್ದು, ಎಲ್ಲೂ ವಾಸಿಯಾಗದೆ ಗಾಣಗಾಪುರಕ್ಕೆ ಬಂದಾಗ ನರಸಿಂಹ ಸರಸ್ವತಿ ಸ್ವಾಮಿಗಳು ಅವನನ್ನು ಹಳೆಯ ಭಕ್ತ ಎಂದು ಗುರುತಿಸಿ ಕರೆದರು. ಅವನ ಬಾಧೆ ಕಳೆಯಿತು. ಅಗಸ ಅಂತ, ಬೇರೆ ಮತದವ ಅಂತ ಗುರುಗಳು ಹಿಂದೆ ಸರಿಯಲಿಲ್ಲ. ಆ ಗುರುವಿನ ಸಂಗಮದ ನೀರನ್ನು ನಾವು ಬಾಟಲಿಯಲ್ಲಿ ತಂದು, ಬಟ್ಟೆ ಒಗೆಯುವವಳು ಮುಟ್ಟಿದಳು ಎಂದು ಚೆಲ್ಲುವುದು ಹೇಗೆ?

ಹಾಗಾದರೆ ಮಡಿ ಬೇಡವೇ?

ಬೇಕು. ನಾನು ಈ ವಯಸ್ಸಿನಲ್ಲೂ ಮಡಿಯಲ್ಲೇ ಪೂಜೆ ಮಾಡುತ್ತೇನೆ. ಆದರೆ 'ಮಡಿ' ಎಂಬ ಕನ್ನಡ ಪದದ ಅರ್ಥವನ್ನು ಮರೆಯಬಾರದು. ಮಡಿ ಅಂದರೆ ಒಗೆದ ಬಟ್ಟೆ. ಅದನ್ನು ಒಗೆದು ಕೊಡುವವನು ಮಡಿವಾಳ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆ ಒಗೆದ ಮಾಚಿದೇವರನ್ನು ನಾಡು ಇವತ್ತಿಗೂ ಮಡಿವಾಳ ಮಾಚಿದೇವ ಎಂದು ಕೈಮುಗಿದು ಕರೆಯುತ್ತದೆ. ನಾವು ಮಡಿ ಉಡುತ್ತೇವೆ, ಆ ಮಡಿಯನ್ನು ಮಾಡಿಕೊಟ್ಟವರು ಯಾರು? ಬೆಂಗಳೂರಿನ ಆ ಮನೆಯಲ್ಲಿ ಹತ್ತು ವರ್ಷ ಅತ್ತೆಯವರ ಮಡಿಸೀರೆಯನ್ನು ಒಗೆದು ಹಿಂಡಿದವಳು ಯಾರು? ದೇವರ ಮನೆಯ ನೆಲ ಒರೆಸಿದವಳು ಯಾರು?

ಮಡಿ ನಮಗೆ ನಾವು ಹಾಕಿಕೊಳ್ಳುವ ಕಟ್ಟು. ಡಾಕ್ಟರು ಆಪರೇಷನ್ನಿಗೆ ಮುಂಚೆ ಕೈ ತೊಳೆದುಕೊಂಡು ಯಾವುದನ್ನೂ ಮುಟ್ಟದೆ ನಿಲ್ಲುತ್ತಾರಲ್ಲ, ರೋಗಿ ಕೀಳು ಅಂತೇನಲ್ಲ, ಆ ರೋಗಿಗೆ ಒಳ್ಳೆಯದಾಗಲಿ ಎಂದು. ಪೂಜೆ ಮುಗಿದ ಮೇಲೆ ಏನು ಮಾಡುತ್ತೇವೆ? ಅಷ್ಟು ಹೊತ್ತು ಕಾದಿಟ್ಟ ತೀರ್ಥ ಪ್ರಸಾದವನ್ನು ಹೊರಗೆ ತಂದು ಎಲ್ಲರ ಕೈಗೆ ಹಾಕುತ್ತೇವೆ. ಕಾದಿಡುವುದು ಹಂಚುವುದಕ್ಕೆ. ಹಂಚದೆ ಕಾದಿಟ್ಟದ್ದು ಜಿಪುಣತನ ಆದೀತು.

ಶಾಲೆಯ ಪುಸ್ತಕದಲ್ಲಿ ಹೋಲಿ, ಸೇಕ್ರೆಡ್ ಎಂಬ ಇಂಗ್ಲಿಷ್ ಪದಗಳಿಗೆ 'ಪವಿತ್ರ' ಎಂದು ಅರ್ಥ ಬರೆದಿರುತ್ತದೆ. ಸೇಕ್ರೆಡ್ ಎಂಬುದರ ಮೂಲ ಲ್ಯಾಟಿನ್ನಿನ 'ಸಾಕೆರ್'. ದೇವರಿಗೆಂದು ಪ್ರತ್ಯೇಕ ತೆಗೆದಿಟ್ಟದ್ದು ಎಂದು ಅರ್ಥ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1912ರ ತಮ್ಮ ಗ್ರಂಥದಲ್ಲಿ ಪ್ರತ್ಯೇಕಿಸಿ ನಿಷೇಧ ಹಾಕಿದ್ದನ್ನೇ ಇಂಥ ವಸ್ತುವಿನ ಲಕ್ಷಣ ಎಂದರು. ಅವರವರ ಪದಕ್ಕೆ ಅವರವರ ದಾರಿ. ನಮ್ಮಲ್ಲೂ ಗರ್ಭಗುಡಿ ಇದೆ, ನಿಷೇಧಗಳಿವೆ. ಆದರೆ ನಮ್ಮ ಪದ ಬೇಲಿಯಿಂದ ಹುಟ್ಟಲಿಲ್ಲ, ಸೋಸುಬಟ್ಟೆಯಿಂದ ಹುಟ್ಟಿತು. ಜೇವರ್ಗಿಯವರಿಗೆ ತಮ್ಮ ಊರಿನ ಷಣ್ಮುಖ ಶಿವಯೋಗಿಗಳು ಗೊತ್ತೇ ಇದ್ದಾರೆ, ಅಖಂಡೇಶ್ವರ ಅಂಕಿತದಲ್ಲಿ ವಚನ ಹೇಳಿದವರು. ಅವರ ವೀರಶೈವ ಪರಂಪರೆಯ ಅಷ್ಟಾವರಣದಲ್ಲಿ ಪಾದೋದಕ, ಪ್ರಸಾದ ಎರಡೂ ಇವೆ. ಎರಡೂ ಒಳಗೆ ತೆಗೆದುಕೊಳ್ಳುವಂಥವು, ದೂರದಿಂದ ನೋಡಿ ಹೋಗುವಂಥವಲ್ಲ. ವೈದಿಕರ ದಾರಿ, ಶರಣರ ದಾರಿ ಬೇರೆ ಬೇರೆ ಇರಬಹುದು. ಈ ಮಾತಿನಲ್ಲಿ ಎರಡೂ ಕೂಡುತ್ತವೆ.

ಕಪಾಟಿನ ಮೇಲಿನ ಪೋಥಿ

ಸೋಲಾಪುರದ ರಾಯರೇ, ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರು ನಿಮ್ಮ ಆಳಂದ ತಾಲ್ಲೂಕಿನ ಕಡಗಂಚಿಯವರು ಎಂದು ಪರಂಪರೆ ಹೇಳುತ್ತದೆ. ಮರಾಠಿ ಭಾಷೆ ತಮಗೆ ಚೆನ್ನಾಗಿ ಬಾರದು ಎಂದು ಅವರೇ ಗ್ರಂಥದಲ್ಲಿ ವಿನಯದಿಂದ ಹೇಳಿಕೊಂಡಿದ್ದಾರೆ. ಜನ ಓದಲಿ ಎಂದು ಅಷ್ಟು ಕಷ್ಟಪಟ್ಟು ಬರೆದದ್ದನ್ನು ನಾವು ಹೆದರಿ ಕಟ್ಟಿಟ್ಟರೆ ಅವರಿಗೆ ಸಂತೋಷ ಆದೀತೇ? ಕುಡುಗೋಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ದಿನಾ ಕೈಮುಗಿದರೆ ಹೊಲದ ಜೋಳ ಮನೆಗೆ ಬರುವುದಿಲ್ಲರಿ.

ಒಪ್ಪೊತ್ತು ಊಟ, ನೆಲದ ಮೇಲೆ ಮಲಗುವುದು, ಬ್ರಹ್ಮಚರ್ಯ ಇವು ಏಳು ದಿನದ ಸಪ್ತಾಹ ಪಾರಾಯಣಕ್ಕೆ ಸಂಕಲ್ಪ ಮಾಡಿದವರ ನಿಯಮಗಳು. ಸಂಕಲ್ಪ ಮಾಡಿದ ಮೇಲೆ ಬಿಗಿಯಾಗಿಯೇ ನಡೆಸಬೇಕು. ಸಂಕಲ್ಪವಿಲ್ಲದೆ ನಿತ್ಯ ಸ್ವಲ್ಪ ಸ್ವಲ್ಪ ಓದುವುದಕ್ಕೆ ಸ್ನಾನ, ದೀಪ, ಶಾಂತ ಮನಸ್ಸು ಇಷ್ಟು ಸಾಕು. ಬರುವ ಗುರುವಾರ ಬೆಳಗ್ಗೆ ಬಟ್ಟೆ ಬಿಚ್ಚಿ, ದತ್ತನನ್ನು ನೆನೆದು, ಮನೆಮಂದಿ ಕೂತು ಒಂದು ಪುಟ ಓದಿ. ಮರಾಠಿ ಕಠಿಣವಾದರೆ ಕನ್ನಡ ಅನುವಾದಗಳು ಸಿಗುತ್ತವೆ, ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಡುಕಾಗುವುದಿಲ್ಲ.

ನದಿಗೆ ಬಿಡಬೇಡಿ. ಪೋಥಿಗೆ ಕುಂಕುಮ, ಎಣ್ಣೆ ಹಚ್ಚಬೇಡಿ, ಕಾಗದ ಹಾಳಾಗುತ್ತದೆ. ಒಣಗಿದ ಜಾಗದಲ್ಲಿ ಬಿಳಿ ಹತ್ತಿ ಬಟ್ಟೆಯಲ್ಲಿ ಇಟ್ಟು, ಒಣಗಿಸಿದ ಬೇವಿನೆಲೆ ಹಾಕಿ. ಕೈಬರಹದ ಪ್ರತಿಯಾಗಿದ್ದರೆ ಹಸ್ತಪ್ರತಿ ವಿಭಾಗ ಇರುವ ಯಾವುದಾದರೂ ವಿಶ್ವವಿದ್ಯಾಲಯದವರಿಗೆ ಒಮ್ಮೆ ತೋರಿಸಿ.

ಕೇಳಿದ ಪರಿಹಾರ

ಅಫಜಲಪುರದ ತಾಯಿ ಪರಿಹಾರ ಕೇಳಿದ್ದಾರೆ. ಹೇಳುತ್ತೇನೆ, ಮೂರೇ ಮಾತು.

ಒಂದು, ತೀರ್ಥ ಚೆಲ್ಲಬೇಡಿ. ಪ್ಲಾಸ್ಟಿಕ್ ಬಾಟಲಿಯಿಂದ ತಾಮ್ರದ ತಂಬಿಗೆಗೆ ಹಾಕಿಕೊಳ್ಳಿ. ಬಹಳ ದಿನ ನಿಂತ ನದಿ ನೀರನ್ನು ಕುಡಿಯಲು ಕೊಡಬೇಡಿ, ಮಕ್ಕಳಿಗೆ, ವಯಸ್ಸಾದವರಿಗೆ ಮೊದಲೇ ಬೇಡ. ಪ್ರೋಕ್ಷಣೆಗೆ, ಸ್ನಾನದ ನೀರಿಗೆ ಎರಡು ಉದ್ಧರಣೆ ಬೆರೆಸಲು ಬಳಸಿ. ಉಳಿದದ್ದು ತುಳಸಿಗೆ.

ಎರಡು, ಆ ಹೆಣ್ಣುಮಗಳ ಮನೆಗೆ ನೀವೇ ಹೋಗಿ. ಫೋನಿನಲ್ಲಿ ಕರೆಸಬೇಡಿ. ಬಾರದ ದಿನಗಳ ಪಗಾರ ಹಿಡಿಯದೆ ಪೂರ್ತಿ ಕೊಡಿ. ಹಣಕಾಸಿನ ಶೌಚ ಅಂದೆನಲ್ಲ, ಅದು ಇದೇ. ಹೋಗುವಾಗ ಗಾಣಗಾಪುರದ ಪ್ರಸಾದ ಉಳಿದಿದ್ದರೆ ಅದನ್ನೂ ಒಯ್ದು ಕೈಯಾರೆ ಕೊಡಿ. ಮತ್ತೆ ಕೆಲಸಕ್ಕೆ ಬರುವುದು ಬಿಡುವುದು ಅವಳ ಇಷ್ಟ. ಬಾ ಅಂತ ಒತ್ತಾಯ ಮಾಡಬೇಡಿ.

ಮೂರು, ಈ ಪತ್ರಿಕೆಯನ್ನು ಅತ್ತೆಯವರ ಮುಂದೆ ಹಿಡಿದು ವಾದ ಗೆಲ್ಲಬೇಡಿ. ಅವರ ಮಡಿ ಒಂದು ಆಯುಷ್ಯದ ಶ್ರದ್ಧೆ. ಕಲಿಸಿದವರು ಅವರಿಗೆ ಹಾಗೆಯೇ ಕಲಿಸಿದ್ದಾರೆ. ಅವರ ಪೂಜೆಗೆ ಎಂದಿನಂತೆ ಮಡಿನೀರು ಇಟ್ಟುಕೊಡಿ. ಒಂದು ದಿನ ಅವರು ಸಮಾಧಾನದಲ್ಲಿದ್ದಾಗ ಹೆಪ್ಪಿನ ಮಾತನ್ನು ಮಾತ್ರ ಕೇಳಿ: "ಅತ್ತೀ, ಹಾಲು ಮಜ್ಜಿಗೀನ ಕೆಡಸ್ತದೇನ್ರಿ?" ಉತ್ತರ ಅವರೇ ಹೇಳಿಯಾರು. ಅಡುಗೆಮನೆಯಲ್ಲಿ ನಲವತ್ತು ಐವತ್ತು ವರ್ಷ ಕಳೆದವರಿಗೆ ಇದು ನಮ್ಮ ವ್ಯಾಕರಣಕ್ಕಿಂತ ಬೇಗ ತಿಳಿಯುತ್ತದೆ.

ಬೇರೆ ಓದುಗರೂ ಇದೊಂದು ಅಳತೆ ಇಟ್ಟುಕೊಳ್ಳಿ. ಮನೆಯಲ್ಲಿ ಯಾವುದನ್ನಾದರೂ ಪವಿತ್ರ ಎಂದು ಕರೆಯುವಾಗ, ಇದು ಯಾರನ್ನು ಶುದ್ಧಿ ಮಾಡಿತು ಎಂದು ಒಮ್ಮೆ ಕೇಳಿಕೊಳ್ಳಿ. ನಮ್ಮ ಸಿಟ್ಟು ಸ್ವಲ್ಪ ಇಳಿಯಿತೇ, ಮಾತು ಮೆತ್ತಗಾಯಿತೇ, ಕೊಡಬೇಕಾದವರಿಗೆ ಕೊಟ್ಟೆವೇ? ಹೌದಾದರೆ ಅದು ತನ್ನ ಹೆಸರಿಗೆ ತಕ್ಕ ಕೆಲಸ ಮಾಡುತ್ತಿದೆ.

ಮುಂದಿನ ತಿಂಗಳು ಮನೆ ಬದಲಿಸುವಾಗ ದೇವರ ಪೆಟ್ಟಿಗೆ ಸಾಗಿಸುವ ಕ್ರಮದ ಬಗ್ಗೆ ಬಂದ ಪ್ರಶ್ನೆಗಳನ್ನು ನೋಡೋಣ. ಶುಭಮಸ್ತು.